ತಾನಾಗಿಯೇ ಆರುವ ಕಂಪ್ಯೂಟರು

ಕೊಂಢವಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಒಂದು ಕಂಪ್ಯೂಟರು ಇದೆ. ನಮಗೆ ನೌಕರಿ ಹತ್ತಿದ ವರ್ಷ, ಎಂದರೆ ೨೦೧೧ರಲ್ಲಿ, ಮೊದಲ ಕೆಲವು ತಿಂಗಳ ಪಗಾರದಲ್ಲಿ ಉಳಿಸಿ ಕೊಂಡದ್ದು. ಆಗ ಅದರ ಮೇಲೆ ನಮ್ಮ ತಾಯಿಯವರು ಹಾಕಿದ ಕಸೂತಿಯ ಬಟ್ಟೆಯೊಂದು ಹೊದಿಸಿರುತ್ತಿತ್ತು. ತಾಯಿಯವರು ಈಗಿಲ್ಲ, ಬಟ್ಟೆಯೂ ಎಲ್ಲಿಯೋ ಹೋಯಿತು, ಕಂಪ್ಯೂಟರು ಉಳಿದಿದೆ. ಅದರಲ್ಲಿರುವುದು ವಿಂಡೋಸ್ ೭. ಅದಕ್ಕೆ ಸುಧಾರಣೆಗಳನ್ನು ಕಳುಹಿಸುವುದನ್ನು ಅದರ ಕಂಪನಿಯವರು ಸಾಮಾನ್ಯ ಗಿರಾಕಿಗಳ ಮಟ್ಟಿಗೆ ೨೦೨೦ರ ಜನವರಿ ೧೪ಕ್ಕೆ ನಿಲ್ಲಿಸಿದರು. ಆದುದರಿಂದ ನಾವು ಅದಕ್ಕೆ ಇಂಟರ್ನೆಟ್ಟಿನ ತಂತಿಯನ್ನೇ ಜೋಡಿಸುವುದಿಲ್ಲ. ಬ್ಯಾಂಕಿನ ವ್ಯವಹಾರವಿಲ್ಲ, ಪತ್ರ ವ್ಯವಹಾರವಿಲ್ಲ. ಬೆರಳಚ್ಚಿನ ಕೆಲಸವೊಂದನ್ನು ಬಿಟ್ಟರೆ ಅದು ಸಂಸಾರದಿಂದ ನಿವೃತ್ತವಾದ ಯಂತ್ರವೇ ಸರಿ.

ಇಂಥ ಯಂತ್ರಗಳು ನಮ್ಮ ಓದುಗರಲ್ಲಿ ಅನೇಕರ ಮನೆಗಳಲ್ಲಿ ಇದ್ದಾವು. ಎಸೆಯಲು ಮನಸ್ಸು ಬಾರದು, ಇಟ್ಟುಕೊಂಡರೆ ಕಾಟ ತಪ್ಪದು. ನಮ್ಮ ಯಂತ್ರದ ಕಾಟವೆಂದರೆ, ಕೆಲಸದ ನಡುವೆ ತಾನಾಗಿಯೇ ಆರಿಹೋಗುವುದು. ಕಳೆದ ಬೇಸಗೆಯ ಮೂರು ತಿಂಗಳು ನಾವು ಅದರ ಹಿಂದೆ ಬಿದ್ದು ಕಂಡುಕೊಂಡ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ನಾವು ಇಂಜಿನಿಯರರಲ್ಲ, ಸರಕಾರಿ ಕಚೇರಿಯೊಂದರ ಗುಮಾಸ್ತರು, ಓದಿದ್ದು ಬಿ.ಎ. ಬಲ್ಲವರು ತಪ್ಪಿದ್ದಲ್ಲಿ ತಿದ್ದಿಕೊಂಡು ಓದಬೇಕು.

ಮೊದಲು, ಈ ಹಳೆಯ ಯಂತ್ರದಿಂದ ನಮಗೇನು ಕೆಲಸ ಎಂಬುದನ್ನು ಹೇಳಬೇಕು. ನಮ್ಮ ತಂದೆಯವರಿಗೆ ಈಗ ಎಪ್ಪತ್ತೈದರ ಮೇಲಾಯಿತು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಭೀಮಾ ನದಿಯ ಕಡೆಯ ಒಂದು ಹಳ್ಳಿ ಅವರದು. ೧೯೭೨ರ ಬರಗಾಲದಲ್ಲಿ ಊರು ಬಿಟ್ಟು ಪುಣೆಗೆ ಬಂದವರು. ಆ ಕಥೆಯನ್ನು ಅವರು ಎಂದೂ ಪೂರ್ತಿಯಾಗಿ ಹೇಳಿದವರಲ್ಲ. ಊಟದ ಹೊತ್ತಿನಲ್ಲಿ ಒಂದು ತುಣುಕು, ಯಾರದೋ ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಒಂದು ತುಣುಕು. ಕಳೆದ ಫೆಬ್ರುವರಿಯಲ್ಲಿ ನಮ್ಮ ಮಗಳು, "ಅಜ್ಜಾ, ನೀವು ಪುಣೆಕ್ಕ ಯಾಕ ಬಂದ್ರಿ?" ಎಂದು ಕೇಳಿದಳು. ಅದೇನು ತಿಳಿಯಿತೋ, ಆ ರಾತ್ರಿ ಅವರೇ ನಮ್ಮನ್ನು ಕರೆದು, "ತಮ್ಮಾ, ನಾ ಹೇಳ್ತೀನಿ, ನೀ ಬರಕೋ" ಎಂದರು.

ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳಬಹುದಿತ್ತಲ್ಲವೆ ಎಂದು ಓದುಗರು ಕೇಳಿಯಾರು. ಎರಡು ದಿನ ಅದನ್ನೂ ಮಾಡಿ ನೋಡಿದೆವು. ಮೊಬೈಲು ಎದುರಿಗೆ ಇಟ್ಟ ಕೂಡಲೆ ತಂದೆಯವರು ಸಾಕ್ಷಿ ಹೇಳಲು ಕಟಕಟೆಯಲ್ಲಿ ನಿಂತವರಂತೆ ಗಂಟಲು ಸರಿಮಾಡಿಕೊಂಡು ಪುಸ್ತಕದ ಕನ್ನಡ ಆಡಹತ್ತಿದರು. ನಾವು ಕೀಲಿಮಣೆಯ ಮೇಲೆ ಬೆರಳಾಡಿಸುತ್ತ ಕುಳಿತರೆ ಅವರಿಗೆ ಸಂಕೋಚವಿಲ್ಲ. ಮಗ ಕಚೇರಿಯ ಕೆಲಸ ಮಾಡುತ್ತಿದ್ದಾನೆಂಬಷ್ಟೇ ಭಾವ. ಹೀಗಾಗಿ ಹಳೆಯ ಯಂತ್ರಕ್ಕೆ ಪುನಃ ಉದ್ಯೋಗ ದೊರೆಯಿತು. ಅದೂ ಉದ್ಯೋಗ ದೊರೆತ ವಾರದಲ್ಲಿಯೇ ಆರಹತ್ತಿತು.

"ಮತ್ತ ಮಕ್ಕೊಂಡತೇನೋ ನಿನ್ನ ಮಶಿನ್ನು? ನಾ ಇನ್ನಾ ಇಂಡಿ ಸ್ಟೇಶನ್ ಮುಟ್ಟಿಲ್ಲ."

"ಇರ್ರಿ ಅಪ್ಪಾ, ಈಗ ಎಬ್ಬಸ್ತೀನಿ."

"ನೀ ಎಬ್ಬಸೂತನಕಾ ನನಗ ಮರ್ತು ಹೋಗ್ತೈತಿ."

ಮರೆತುಹೋಗುತ್ತಿತ್ತು ಎಂಬುದು ಬರಿಯ ಮಾತಲ್ಲ. ಅರ್ಧ ಹೇಳಿದ ಸಂಗತಿಯನ್ನು ಅವರು ಮರುದಿನ ಕೇಳಿದರೆ ಹಾಗೆಯೇ ಹೇಳುತ್ತಿರಲಿಲ್ಲ. ಬೇರೆ ಏನನ್ನೋ ಹೇಳುತ್ತಿದ್ದರು. ಹೋದ ಸಾಲು ಹೋದಂತೆಯೇ.

ನಮ್ಮ ಭಾಗದ ರಿಪೇರಿಯವರೊಬ್ಬರನ್ನು ಕರೆತಂದೆವು. ಅವರು ಪೆಟ್ಟಿಗೆಯನ್ನು ಬಿಚ್ಚಲೂ ಇಲ್ಲ. ಹೊರಗಿನಿಂದಲೇ ಎರಡು ಸಲ ತಟ್ಟಿ, ಮದರ್‌ಬೋರ್ಡು ಹೋಗಿದೆ, ಹೊಸದನ್ನೇ ತೆಗೆದುಕೊಳ್ಳಿರಿ ಎಂದು ಹೇಳಿ, ಚಹ ಕುಡಿದು, ಇನ್ನೂರು ರೂಪಾಯಿ ತೆಗೆದುಕೊಂಡು ಹೋದರು. ಮಗಳ ಶಾಲೆಯ ಫೀ ತುಂಬುವ ತಿಂಗಳದು. ಹೊಸದು ಕೊಳ್ಳುವ ಮಾತನ್ನು ನಮ್ಮ ಮನೆಯವರ ಮುಂದೆ ಎತ್ತುವ ಧೈರ್ಯ ನಮಗಾಗಲಿಲ್ಲ.

ಹಾಗಾದರೆ ಯಂತ್ರ ಆರುವುದೆಂದರೇನು? ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ ನೋಡಿದ ಕಂಪ್ಯೂಟರುಗಳಲ್ಲಿ ಕೆಲಸ ಮುಗಿಸಿದ ಮೇಲೆ, ಇನ್ನು ನೀವು ಆರಿಸಬಹುದು ಎಂಬರ್ಥದ ಕಿತ್ತಳೆ ಬಣ್ಣದ ಇಂಗ್ಲಿಷ್ ಅಕ್ಷರಗಳು ಕಪ್ಪು ಪರದೆಯ ಮೇಲೆ ಮೂಡುತ್ತಿದ್ದವು. ಆ ಮೇಲೆ ಮಾಸ್ತರರು ಗುಂಡಿಯನ್ನು ಟಕ್ಕೆಂದು ಒತ್ತುತ್ತಿದ್ದರು. ಆ ಗುಂಡಿ ದೀಪದ ಸ್ವಿಚ್ಚಿನಂತೆ ನಿಜವಾಗಿಯೂ ವಿದ್ಯುತ್ತನ್ನು ಕಡಿಯುವ ಗುಂಡಿ. ೧೯೯೫ರಲ್ಲಿ ಇಂಟೆಲ್ ಕಂಪನಿಯವರು ಎಟಿಎಕ್ಸ್ ಎಂಬ ಹೊಸ ಮಾದರಿಯನ್ನು ತಂದರು. ಅಂದಿನಿಂದ ಎದುರಿನ ಗುಂಡಿ ವಿದ್ಯುತ್ತನ್ನು ಕಡಿಯುವುದಿಲ್ಲ. ಒಂದು ಅರ್ಜಿಯನ್ನು ಸಲ್ಲಿಸುತ್ತದೆ, ಅಷ್ಟೆ. ಅರ್ಜಿಯ ಮೇಲೆ ಏನು ಮಾಡಬೇಕೆಂಬುದನ್ನು ಒಳಗಿನ ವ್ಯವಸ್ಥೆ ತೀರ್ಮಾನಿಸುತ್ತದೆ. ಗುಂಡಿಯನ್ನು ನಾಲ್ಕು ಸೆಕೆಂಡು ಒತ್ತಿಯೇ ಹಿಡಿದರೆ ಮಾತ್ರ ಮೇಲಿನವರನ್ನು ಕೇಳದೆ ಬಲವಂತವಾಗಿ ಆರುತ್ತದೆ. ಆರಿದ ಮೇಲೆಯೂ, ಗೋಡೆಯ ಸ್ವಿಚ್ಚು ಹಾಕಿರುವ ತನಕ, ಐದು ವೋಲ್ಟಿನ ಒಂದು ಸಣ್ಣ ಧಾರೆ ಒಳಗೆ ಹರಿಯುತ್ತಲೇ ಇರುತ್ತದೆ. ರಾತ್ರಿಯ ಕಾವಲುಗಾರನೊಬ್ಬ ಎಚ್ಚರವಿದ್ದಂತೆ.

ವಿದ್ಯುತ್ತಿನ ಈ ಕಾರುಬಾರನ್ನೆಲ್ಲ ಯಾರು ನೋಡಿಕೊಳ್ಳಬೇಕೆಂಬುದಕ್ಕೆ ೧೯೯೨ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಕೂಡಿ ಒಂದು ನಿಯಮಾವಳಿ ಮಾಡಿದ್ದರು; ಅದರಲ್ಲಿ ಹೆಚ್ಚಿನ ಅಧಿಕಾರ ಮದರ್‌ಬೋರ್ಡಿನಲ್ಲಿ ಕೂತಿದ್ದ ಬಯಾಸಿನದು. ೧೯೯೬ರ ಡಿಸೆಂಬರದಲ್ಲಿ ತೋಶಿಬಾ ಕಂಪನಿಯನ್ನೂ ಸೇರಿಸಿಕೊಂಡು ಎಸಿಪಿಐ ಎಂಬ ಹೊಸ ನಿಯಮಾವಳಿ ತಂದರು. ಅಧಿಕಾರವೆಲ್ಲ ವಿಂಡೋಸಿನಂಥ ವ್ಯವಸ್ಥೆಗೆ ವರ್ಗವಾಯಿತು. ಕಚೇರಿಗಳಲ್ಲಿ ಅಧಿಕಾರ ವರ್ಗವಾದಾಗ ಏನಾಗುತ್ತದೆಂಬುದು ನಮಗೆ ಚೆನ್ನಾಗಿ ಗೊತ್ತು. ಹಳೆಯ ಮೇಜಿನವರು ತಮ್ಮ ಬಳಿಯೂ ನಾಲ್ಕು ಕಡತಗಳನ್ನು ಉಳಿಸಿಕೊಂಡಿರುತ್ತಾರೆ. ಇಲ್ಲಿಯೂ ಹಾಗೆಯೇ. ವಿದ್ಯುತ್ತಿನ ಕೆಲವು ಸೆಟಿಂಗುಗಳು ವಿಂಡೋಸಿನಲ್ಲಿವೆ, ಕೆಲವು ಇನ್ನೂ ಬಯಾಸಿನಲ್ಲಿವೆ. ಒಂದನ್ನೇ ನೋಡಿ ಸುಮ್ಮನಾದರೆ ಕಾರಣ ಸಿಕ್ಕಲಿಕ್ಕಿಲ್ಲ.

ವಿಶ್ರಾಂತಿಯಲ್ಲಿಯೂ ತರಗತಿಗಳುಂಟು. ಸ್ಲೀಪ್ ಎಂದರೆ ನಿದ್ದೆ: ಮಾಡುತ್ತಿದ್ದ ಕೆಲಸವೆಲ್ಲ ಮೆಮರಿಯಲ್ಲಿಯೇ ಇರುತ್ತದೆ, ಅದನ್ನು ಹಿಡಿದಿಡಲು ಚೂರು ವಿದ್ಯುತ್ತು ಬೇಕು. ಹೈಬರ್ನೇಟ್ ಎಂದರೆ ಕೆಲಸವನ್ನು ಹಾರ್ಡ್ ಡಿಸ್ಕಿನಲ್ಲಿ ಬರೆದಿಟ್ಟು ಪೂರ್ತಿ ಆರುವುದು. ಶಟ್‌ಡೌನ್ ಎಂದರೆ ಎಲ್ಲವನ್ನೂ ಮುಚ್ಚಿ ಆರುವುದು. ಇವು ಮೂರೂ ಕ್ರಮಬದ್ಧ. ನಾಲ್ಕನೆಯದು ಕ್ರಮವಿಲ್ಲದ್ದು, ಎಂದರೆ ಕಾಲ ಕೆಳಗಿನ ನೆಲವೇ ಜಾರಿದಂತೆ ಕುಸಿಯುವುದು. ಹೊರಗಿನಿಂದ ನೋಡುವವರಿಗೆ ನಾಲ್ಕಕ್ಕೂ ಒಂದೇ ಲಕ್ಷಣ: ಪರದೆ ಕಪ್ಪು. ನಾವು ಎರಡು ವಾರ ಮೋಸ ಹೋದದ್ದು ಇಲ್ಲಿಯೇ. ಯಂತ್ರ ಆರುತ್ತದೆ ಎಂದು ಒಂದೇ ರೋಗದ ಹೆಸರು ಹೇಳುತ್ತಿದ್ದೆವು, ಇದ್ದವು ಮೂರು.

ನಮಗೆ ದಾರಿ ತೋರಿಸಿದ್ದು ನಮ್ಮ ಕಚೇರಿಯ ಅಭ್ಯಾಸ. ಯಾವ ತಕರಾರು ಬಂದರೂ ಮೊದಲು ಆವಕ-ಜಾವಕದ ರಜಿಸ್ಟರು ತೆಗೆದು ನೋಡತಕ್ಕದ್ದು. ಕಂಪ್ಯೂಟರಿನಲ್ಲಿಯೂ ಅಂಥ ರಜಿಸ್ಟರು ಇದೆಯೆಂದು ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬರು ಹೇಳಿದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಅದರ ಹೆಸರು ಇವೆಂಟ್ ವ್ಯೂಯರ್. ಸ್ಟಾರ್ಟ್ ಗುಂಡಿಯೊತ್ತಿ ಆ ಹೆಸರನ್ನು ಬರೆದರೆ ತೆರೆಯುತ್ತದೆ. ಒಳಗೆ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಯಂತ್ರ ಎಂದು ಎದ್ದಿತು, ಎಂದು ಮಲಗಿತು, ಯಾರ ಅಪ್ಪಣೆಯ ಮೇಲೆ ಆರಿತು, ಎಲ್ಲವೂ ದಿನಾಂಕ, ವೇಳೆ, ಒಂದು ಸಂಖ್ಯೆಯೊಡನೆ ನಮೂದಾಗಿರುತ್ತದೆ. ಹದಿನಾಲ್ಕು ವರ್ಷ ಮನೆಯಲ್ಲಿಟ್ಟುಕೊಂಡೂ ನಾವು ಒಮ್ಮೆಯೂ ತೆರೆದು ನೋಡಿರಲಿಲ್ಲ.

ತೆರೆದೆವು. ಆದರೆ ರಜಿಸ್ಟರಿನ ತುಂಬ ಜನವರಿ ಒಂದನೆಯ ತಾರೀಖು! ನಿನ್ನೆಯೂ ಜನವರಿ ಒಂದು, ಮೊನ್ನೆಯೂ ಜನವರಿ ಒಂದು. ವರ್ಷವೂ ಯಂತ್ರ ನಮ್ಮ ಮನೆಗೆ ಬರುವುದಕ್ಕಿಂತ ಹಿಂದಿನದು. ಕಾರಣ ಸರಳವಾದದ್ದು. ಮದರ್‌ಬೋರ್ಡಿನ ಮೇಲೆ ಗಡಿಯಾರ ನಡೆಸಲು ಮೂರು ವೋಲ್ಟಿನ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಸಿಆರ್ ೨೦೩೨ ಎಂದು ಅದರ ಮೇಲೆ ಬರೆದಿರುತ್ತದೆ. ಅದು ಮುಗಿದರೆ, ಗೋಡೆಯ ಸ್ವಿಚ್ಚು ಆರಿಸಿದಾಗಲೆಲ್ಲ ಗಡಿಯಾರ ಮೊದಲಿಗೆ ಹೋಗುತ್ತದೆ. ಬಯಾಸಿನ ಸೆಟಿಂಗುಗಳೂ ಮೂಲಸ್ಥಿತಿಗೆ ಮರಳುತ್ತವೆ. ಇಂಟರ್ನೆಟ್ಟಿಗೆ ಹತ್ತಿದ ಯಂತ್ರವಾದರೆ ಅಲ್ಲಿಂದ ವೇಳೆ ಕೇಳಿ ತಿದ್ದಿಕೊಳ್ಳುತ್ತದೆ, ನಮ್ಮದು ಸನ್ಯಾಸಿ. ತಾರೀಖು ತಪ್ಪಿದ ರಜಿಸ್ಟರನ್ನು ಯಾವ ಆಡಿಟರರೂ ಒಪ್ಪಲಾರರು. ರಸ್ತೆಯ ತುದಿಯ ಗಡಿಯಾರದ ಅಂಗಡಿಯಲ್ಲಿ ಬ್ಯಾಟರಿ ಕೊಂಡು, ಬೆರಳಿನಿಂದ ಹಳೆಯದನ್ನು ಎಬ್ಬಿಸಿ ಹೊಸದನ್ನು ಕೂರಿಸಿ, ವೇಳೆ ಸರಿಮಾಡಿ, ಅಂದಿನಿಂದ ಹೊಸ ಲೆಕ್ಕ ಆರಂಭಿಸಿದೆವು. ಪಕ್ಕದಲ್ಲಿ ನಮ್ಮದೂ ಒಂದು ನೋಟುಬುಕ್ಕು: ಆರಿದ ವೇಳೆ, ಆಗ ಮನೆಯಲ್ಲಿ ದೀಪವಿತ್ತೆ, ತಂದೆಯವರು ಮಾತಾಡುತ್ತಿದ್ದರೆ ಸುಮ್ಮನಿದ್ದರೆ, ಪೆಟ್ಟಿಗೆ ಮುಟ್ಟಿದರೆ ಬಿಸಿಯಿತ್ತೆ.

ಒಂದು ವಾರದಲ್ಲಿ ಎರಡು ಬಗೆಯ ನಮೂದುಗಳು ಬೇರೆಬೇರೆಯಾಗಿ ಕಾಣಿಸಿದವು.

ಮೊದಲನೆಯದು ೪೨ನೆಯ ಸಂಖ್ಯೆಯದು. ಕರ್ನೆಲ್-ಪವರ್ ಎಂಬ ಹೆಸರಿನಲ್ಲಿ ೪೨ ಎಂದಿದ್ದರೆ, ಯಂತ್ರ ನಿಯಮದಂತೆ ನಿದ್ದೆಗೆ ಹೋಯಿತೆಂದು ಅರ್ಥ. ನಮ್ಮ ನೋಟುಬುಕ್ಕಿನಲ್ಲಿ ಆ ವೇಳೆಗಳ ಎದುರಿಗೆಲ್ಲ, ತಂದೆಯವರು ಸುಮ್ಮನಿದ್ದರು ಎಂದೇ ಇತ್ತು. ಅವರು ಹೇಳುವ ರೀತಿಯೇ ಹಾಗೆ. ಒಂದು ಸಾಲು ಹೇಳಿದ ಮೇಲೆ ಎಲೆ ಅಡಿಕೆ ಹಾಕುವರು, ಕಿಟಕಿಯಿಂದ ಹೊರಗೆ ನೋಡುವರು, ಕಣ್ಣು ಮುಚ್ಚುವರು. ನಾವೂ ಕೈಕಟ್ಟಿ ಕಾಯುವೆವು. ಕೀಲಿಮಣೆ ಹದಿನೈದು ನಿಮಿಷ ಅಲುಗದಿದ್ದರೆ ಯಜಮಾನ ಎದ್ದುಹೋದನೆಂದು ಯಂತ್ರ ತಿಳಿಯುತ್ತಿತ್ತು. ಹಾಗೆ ತಿಳಿಯಬೇಕೆಂದು ಅಪ್ಪಣೆ ಕೊಟ್ಟವರು ಯಾರು? ನಾವೇ! ಎಂದೋ ಒಂದು ದಿನ ಬಿಲ್ಲು ಉಳಿಯಲೆಂದು ಪವರ್ ಸೇವರ್ ಎಂಬ ಯೋಜನೆಯನ್ನು ಆರಿಸಿಟ್ಟಿದ್ದೆವು. ವಿಂಡೋಸ್ ೭ರಲ್ಲಿ ಅದು ಮೇಜಿನ ಕಂಪ್ಯೂಟರಿನ ಪರದೆಯನ್ನು ಐದು ನಿಮಿಷಕ್ಕೆ ಆರಿಸಿ, ಯಂತ್ರವನ್ನು ಹದಿನೈದು ನಿಮಿಷಕ್ಕೆ ಮಲಗಿಸುತ್ತದೆ. ಬ್ಯಾಲೆನ್ಸ್ಡ್ ಎಂಬ ಯೋಜನೆಯಲ್ಲಿ ಇವು ಹತ್ತು ಮತ್ತು ಮೂವತ್ತು ನಿಮಿಷ.

ಹೀಗೆ ಮಾಡಿ ಎಷ್ಟು ಉಳಿಸಿದೆವೆಂದು ಲೆಕ್ಕ ಹಾಕಿದೆವು. ಇಂಥ ಯಂತ್ರ ಪರದೆ ಬಿಟ್ಟು ಸುಮಾರು ಎಪ್ಪತ್ತು ವ್ಯಾಟು ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಹದಿನೈದರ ಬದಲು ಅರವತ್ತು ನಿಮಿಷ ಎಚ್ಚರವಿದ್ದರೆ ಒಂದು ಸಲಕ್ಕೆ ಹೆಚ್ಚಿನ ಖರ್ಚು ಯೂನಿಟ್ಟಿನ ಇಪ್ಪತ್ತನೆಯ ಒಂದು ಭಾಗ. ಅಷ್ಟಕ್ಕಾಗಿ ತಂದೆಯವರ ಬಾಯಿಯ ಮಾತು ಮುರಿದಿತ್ತು. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸಿಗೆ ಹೋಗಿ, ಪರದೆಗೆ ಹತ್ತು ನಿಮಿಷ, ನಿದ್ದೆಗೆ ಒಂದು ಗಂಟೆ ಎಂದು ಬರೆದೆವು. ಪರದೆ ಆರಿದರೆ ಚಿಂತೆಯಿಲ್ಲ. ಇಲಿಯನ್ನು ಅಲುಗಿಸಿದರೆ ಕ್ಷಣದಲ್ಲಿ ಬೆಳಗುತ್ತದೆ. ಇನ್ನೊಂದು ಮಾತು. ನಿದ್ದೆಯಿಂದ ಏಳುವಾಗ ನಮ್ಮದು ಕೀಲಿಮಣೆಗೆ ಓಗೊಡುತ್ತಿರಲಿಲ್ಲ, ಗುಂಡಿಯನ್ನೇ ಒತ್ತಬೇಕಿತ್ತು. ನಾವು ಅವಸರದಲ್ಲಿ ಗುಂಡಿಯನ್ನು ಒತ್ತಿಯೇ ಹಿಡಿದು, ಮಲಗಿದ್ದನ್ನು ಎಬ್ಬಿಸುವ ಬದಲು ಕೊಂದೇಬಿಡುತ್ತಿದ್ದೆವು. ಡಿವೈಸ್ ಮ್ಯಾನೇಜರಿನಲ್ಲಿ ಕೀಲಿಮಣೆಯ ಹೆಸರನ್ನು ತೆರೆದರೆ ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟವಿದೆ. ಈ ಸಾಧನವು ಕಂಪ್ಯೂಟರನ್ನು ಎಬ್ಬಿಸಬಹುದು ಎಂಬರ್ಥದ ಚೌಕಕ್ಕೆ ಗುರುತು ಹಾಕಬೇಕು. ಹಾಕಿದೆವು, ಎದ್ದಿತು.

ಎರಡನೆಯ ಬಗೆ ಭಯಂಕರವಾದದ್ದು. ಸಂಖ್ಯೆ ೪೧, ಅದರ ಜೊತೆಗೆ ೬೦೦೮. ಇದರ ಅರ್ಥ, ಹಿಂದಿನ ಸಲ ನಾನು ಸರಿಯಾಗಿ ಆರಿರಲಿಲ್ಲ ಎಂಬುದು. ಇಲ್ಲೊಂದು ಸೂಕ್ಷ್ಮವಿದೆ. ಈ ನಮೂದು ಬೀಳುವುದು ಕುಸಿದ ಹೊತ್ತಿನಲ್ಲಲ್ಲ, ಮತ್ತೆ ಎದ್ದ ಮೇಲೆ. ಕುಸಿಯುವ ಹೊತ್ತಿನಲ್ಲಿ ಬರೆಯಲು ಪುರುಸೊತ್ತೆಲ್ಲಿ? ಎದ್ದು ಕಣ್ಣೊರೆಸಿಕೊಂಡು, ಹಿಂದಿನ ಪುಟದಲ್ಲಿ ಕ್ರಮವಾಗಿ ಆರಿದ ಗುರುತಿಲ್ಲವಲ್ಲ ಎಂದು ನೋಡಿ, ಆಗ ಬರೆಯುತ್ತದೆ. ಆದುದರಿಂದ ಏನಾಯಿತೆಂಬುದು ಅದಕ್ಕೂ ಗೊತ್ತಿರುವುದಿಲ್ಲ. ಕರೆಂಟು ಹೋದರೂ ೪೧, ಬಿಸಿಯೇರಿ ಆರಿದರೂ ೪೧, ಮಗು ತಂತಿ ಎಡವಿದರೂ ೪೧. ರಜಿಸ್ಟರು ಇಲ್ಲಿಗೆ ಕೈ ಚೆಲ್ಲುತ್ತದೆ. ಮುಂದೆ ನಮ್ಮ ನೋಟುಬುಕ್ಕೇ ಗತಿ.

ನೋಟುಬುಕ್ಕಿನ ಪ್ರಕಾರ ಆರು ೪೧ಗಳಲ್ಲಿ ಎರಡು ಸಲ ಮನೆಯ ದೀಪವೂ ಕಣ್ಣು ಮಿಟುಕಿಸಿತ್ತು. ಯುಪಿಎಸ್ ಇದೆಯಲ್ಲ, ಅದೇಕೆ ಹಿಡಿಯಲಿಲ್ಲ? ಪರೀಕ್ಷೆ ಸುಲಭ: ಯುಪಿಎಸ್ಸಿಗೆ ಕಂಪ್ಯೂಟರಿನ ಬದಲು ಒಂದು ಮೇಜಿನ ದೀಪ ಜೋಡಿಸಿ ಗೋಡೆಯ ಸ್ವಿಚ್ಚು ಆರಿಸಬೇಕು. ನಮ್ಮ ದೀಪ ಅದೇ ಕ್ಷಣ ಆರಿತು. ಒಳಗಿನ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ! ಹನ್ನೆರಡು ವೋಲ್ಟು, ಏಳು ಆ್ಯಂಪಿಯರ್-ಅವರಿನ ಆ ಬ್ಯಾಟರಿಗಳ ಆಯುಷ್ಯ ಸಾಧಾರಣವಾಗಿ ಮೂರು ವರ್ಷದ ಆಚೀಚೆ. ಹಸಿರು ದೀಪ ಮಾತ್ರ ಆ ಮೇಲೆಯೂ ಶಾಂತವಾಗಿ ಉರಿಯುತ್ತಿರುತ್ತದೆ. ಒಂದು ಶನಿವಾರ ತಪಕೀರ ಗಲ್ಲಿಗೆ ಹೋಗಿ ಹೊಸ ಬ್ಯಾಟರಿ ತಂದೆವು. ಹಳೆಯದನ್ನು ಕಸದಲ್ಲಿ ಎಸೆಯಬೇಡಿರಿ, ಅದರಲ್ಲಿ ಸೀಸ ಮತ್ತು ಆಮ್ಲವಿದೆ. ಕೊಟ್ಟರೆ ಅಂಗಡಿಯವರು ಸ್ವಲ್ಪ ಹಣವನ್ನೂ ಕಡಿಮೆ ಮಾಡುತ್ತಾರೆ.

ಉಳಿದ ನಾಲ್ಕು ಸಲ ದೀಪ ಉರಿಯುತ್ತಲೇ ಇತ್ತು. ನಾಲ್ಕೂ ಮಧ್ಯಾಹ್ನದ ಮೇಲಿನ ಹೊತ್ತು, ಯಂತ್ರ ಎದ್ದು ಮುಕ್ಕಾಲು ಗಂಟೆಯೊಳಗೆ. ಬೆಳಗಿನ ಜಾವ ಒಂದೂ ಇಲ್ಲ. ಏಪ್ರಿಲಿನಲ್ಲಿ ಪುಣೆಯ ಬಿಸಿಲು ನಾಲ್ವತ್ತು ಡಿಗ್ರಿಯ ಹತ್ತಿರ ಆಡುತ್ತಿರುವಾಗ ನಾವು ಆ ಪೆಟ್ಟಿಗೆಯನ್ನು ಮೇಜಿನ ಕೆಳಗಿನ ಕಟ್ಟಿಗೆಯ ಗೂಡಿನಲ್ಲಿ, ಬೆನ್ನು ಗೋಡೆಗೆ ಹತ್ತಿಸಿ, ಭದ್ರವಾಗಿ ಇಟ್ಟಿದ್ದೆವು. ಮನುಷ್ಯರನ್ನು ಹಾಗಿಟ್ಟರೆ ಪೋಲೀಸರು ಕೇಳಿಯಾರು. ಯಂತ್ರವನ್ನು ಚಾಲೂ ಮಾಡುವಾಗ ಡಿಲೀಟ್ ಅಥವಾ ಎಫ್ ೨ ಗುಂಡಿಯೊತ್ತಿ ಬಯಾಸಿಗೆ ಹೋದರೆ ಪ್ರೊಸೆಸರಿನ ಉಷ್ಣಮಾನ ಕಾಣುವ ಪುಟವೊಂದು ಬಹುತೇಕ ಎಲ್ಲದರಲ್ಲಿಯೂ ಇರುತ್ತದೆ. ನಮ್ಮದು ಏನೂ ಕೆಲಸವಿಲ್ಲದೆ ಸುಮ್ಮನೆ ಕುಳಿತು ೮೪ ಡಿಗ್ರಿ ತೋರಿಸಿತು. ಪ್ರೊಸೆಸರು ಬಿಸಿಯಾದರೆ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದರಿಂದಲೂ ತಣಿಯದೆ ಮಿತಿ ಮೀರಿದರೆ, ಸುಟ್ಟುಹೋಗುವುದಕ್ಕಿಂತ ಲೇಸೆಂದು ವಿದ್ಯುತ್ತನ್ನೇ ಕಡಿಸುತ್ತದೆ. ರಿಪೇರಿಯವರು ಕೆಟ್ಟಿದೆ ಎಂದದ್ದು ವಾಸ್ತವದಲ್ಲಿ ತನ್ನ ಪ್ರಾಣ ಉಳಿಸಿಕೊಳ್ಳುತ್ತಿತ್ತು.

ರವಿವಾರ ಗ್ಯಾಲರಿಯಲ್ಲಿ ಚಾಪೆ ಹಾಸಿ ಬಿಚ್ಚಿದೆವು. "ಏನ್ರೀ, ಅದರ ಹೊಟ್ಟಿ ಬಗದು ಹೊಳ್ಳಿ ಹೊಲೀಲಿಕ್ಕೆ ಬರ್ತದೇನು?" ಎಂದು ನಮ್ಮ ಮನೆಯವರು ಕೇಳಿದರು. ಬರುತ್ತದೆ, ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಂಡರೆ ಸಾಕು. ತಂತಿಯನ್ನು ಗೋಡೆಯಿಂದ ಕಿತ್ತು, ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹರಿಯಗೊಟ್ಟು, ಪೆಟ್ಟಿಗೆಯ ಲೋಹವನ್ನು ಕೈಯಿಂದ ಮುಟ್ಟಿ, ಆ ಮೇಲೆ ಒಳಗೆ ಕೈಹಾಕಬೇಕು. ಪ್ರೊಸೆಸರಿನ ಮೇಲೆ ಅಲ್ಯುಮಿನಿಯಮ್ಮಿನ ಗರಿಗಳ ಗೊಂಚಲು, ಅದರ ಮೇಲೆ ಪಂಖ. ಪಂಖ ತಿರುಗುತ್ತಿತ್ತು, ನಿಜ. ಆದರೆ ಗರಿಗಳ ನಡುವೆ ಧೂಳು ಕಂಬಳಿಯಂತೆ ನೇಯ್ದುಕೊಂಡಿತ್ತು. ಗಾಳಿ ಎಲ್ಲಿಂದ ಹಾಯಬೇಕು? ಕೊಂಢವಾದಲ್ಲಿ ಏಳುತ್ತಿರುವ ಕಟ್ಟಡಗಳನ್ನು ಕಂಡವರಿಗೆ ಆ ಧೂಳಿನ ವಂಶವೃತ್ತಾಂತ ಹೇಳಬೇಕಾಗಿಲ್ಲ. ಹದಿನಾಲ್ಕು ವರ್ಷದ ಸಿಮೆಂಟು, ಇಟ್ಟಂಗಿ, ಗುಡ್ಡದ ಮಣ್ಣು, ಎಲ್ಲವೂ ಪದರು ಪದರಾಗಿ ಇತ್ತು. ಪಂಖವನ್ನು ಬೆರಳಿನಿಂದ ಹಿಡಿದುಕೊಂಡು, ಮೆತ್ತನೆಯ ಬಣ್ಣದ ಕುಂಚದಿಂದ ತೆಗೆದೆವು. ಗೊಂಚಲಿನ ಅಡಿಯಲ್ಲಿ ಶಾಖ ಸಾಗಿಸಲೆಂದು ಸವರಿರುವ ಪೇಸ್ಟು ಒಣಗಿ ಸುಣ್ಣದ ಹೊಪ್ಪಳೆಯಾಗಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೊಸದನ್ನು ತೊಗರಿ ಕಾಳಿನಷ್ಟು ಇಟ್ಟು ಒತ್ತಿ ಕೂರಿಸಿದೆವು. ಹೆಚ್ಚು ಸುರಿದರೆ ಹೆಚ್ಚು ತಂಪೆಂಬುದು ತಪ್ಪು ತಿಳುವಳಿಕೆ.

ಎರಡು ಎಚ್ಚರಿಕೆ ಹೇಳಬೇಕು. ವಿದ್ಯುತ್ತು ಒಳಬರುವ ಮುಚ್ಚಿದ ಡಬ್ಬಿಯನ್ನು, ಎಂದರೆ ಎಸ್‌ಎಮ್‌ಪಿಎಸ್ಸನ್ನು, ಮನೆಯಲ್ಲಿ ಎಂದಿಗೂ ಬಿಚ್ಚಬಾರದು. ತಂತಿ ಕಿತ್ತ ಮೇಲೆಯೂ ಅದರೊಳಗೆ ಅಪಾಯದ ವಿದ್ಯುತ್ತು ಉಳಿದಿರುತ್ತದೆ. ಮದರ್‌ಬೋರ್ಡಿನ ಮೇಲಿನ ಸಣ್ಣ ಡಬ್ಬಿಗಳಂಥ ಕೆಪ್ಯಾಸಿಟರುಗಳ ತಲೆ ಉಬ್ಬಿದ್ದು ಕಂಡರೆ ಅದು ನಮ್ಮ ನಿಮ್ಮ ಕೆಲಸವಲ್ಲ, ಬಲ್ಲವರಿಗೆ ಒಯ್ಯಬೇಕು. ನಮ್ಮದರಲ್ಲಿ ಎಲ್ಲವೂ ಸಪಾಟಾಗಿದ್ದವು. ಮುಚ್ಚಿ, ಗೂಡಿನಿಂದ ಹೊರಗೆ, ಗೋಡೆಯಿಂದ ಗೇಣು ದೂರ ಇಟ್ಟು ಬಯಾಸ್ ನೋಡಿದೆವು: ೫೨ ಡಿಗ್ರಿ.

ಇಷ್ಟಾದ ಮೇಲೆ ಮೂರು ವಾರ ಯಂತ್ರ ಒಮ್ಮೆಯೂ ಆರಲಿಲ್ಲ. ತಂದೆಯವರು ಬಾವಿ ಬತ್ತಿದ್ದನ್ನು ಹೇಳಿದರು. ಎತ್ತುಗಳನ್ನು ಮಾರಿದ್ದನ್ನು, ರಸ್ತೆಯ ಕೆಲಸದಲ್ಲಿ ಖಡಿ ಒಡೆದದ್ದನ್ನು, ಇಂಡಿ ರೋಡಿನಲ್ಲಿ ಚಿಕ್ಕ ಗೇಜಿನ ಗಾಡಿ ಹಿಡಿಯಲು ರಾತ್ರಿಯೆಲ್ಲ ಪ್ಲ್ಯಾಟ್‌ಫಾರ್ಮಿನಲ್ಲಿ ಮಲಗಿದ್ದನ್ನು ಹೇಳಿದರು. ನಾವು ಪೂರ್ಣವಿರಾಮ ಇಟ್ಟಾಗಲೆಲ್ಲ ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸುತ್ತ ಹೋದೆವು. ಓದುಗರೂ ಈ ಅಭ್ಯಾಸ ಮಾಡಿಕೊಳ್ಳಬೇಕು. ಯಂತ್ರ ಎಷ್ಟೇ ಸುಧಾರಿಸಲಿ, ಉಳಿಸದ ಸಾಲಿಗೆ ಯಾರೂ ಜಾಮೀನಿಲ್ಲ. ಹತ್ತೊಂಬತ್ತು ಪುಟಗಳಾದವು.

ಮೇ ತಿಂಗಳ ಒಂದು ಸಂಜೆ, ಹಾಲಿನವನು ಬಂದನೆಂದು ನಾವು ಬಾಗಿಲಿಗೆ ಹೋಗಿ ಲೆಕ್ಕ ಮಾಡಿ ಮರಳಿದೆವು. ಪರದೆ ಕಪ್ಪು. ತಂದೆಯವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು.

"ಮತ್ತ ಹೋತೇನ್ರಿ?"

"ಹೋತು," ಎಂದರು. ಎದ್ದು ಒಳಗೆ ಹೋದರು.

ನಮಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಪೆಟ್ಟಿಗೆ ಮುಟ್ಟಿದೆವು, ತಣ್ಣಗಿತ್ತು. ದೀಪ ಹೋಗಿರಲಿಲ್ಲ. ಚಾಲೂ ಮಾಡಿ ರಜಿಸ್ಟರು ತೆರೆದರೆ ಅಲ್ಲಿ ೪೨ ಇಲ್ಲ, ೪೧ ಇಲ್ಲ. ನಾವು ಈ ತನಕ ನೋಡದಿದ್ದ ನಮೂದು: ೧೦೭೪. ಇದು ಅಪ್ಪಣೆಯ ಮೇಲೆ ಆರಿದ್ದು. ಯಾರ ಹೆಸರಿನಲ್ಲಿ ಅಪ್ಪಣೆಯಾಯಿತೆಂಬುದನ್ನೂ ಅದು ಬರೆಯುತ್ತದೆ. ನೋಡಿದರೆ ನಮ್ಮ ಹೆಸರೇ! ಲಾಗಿನ್ ನಮ್ಮದಾದುದರಿಂದ ಹೆಸರೂ ನಮ್ಮದು. ನಾವು ಸಹಿ ಮಾಡದ ಆದೇಶ ನಮ್ಮ ಸಹಿಯಲ್ಲಿ ಹೊರಟಂತಾಗಿತ್ತು. ವೇಳೆ ಏಳು ಗಂಟೆ ಐವತ್ತೆರಡು ನಿಮಿಷ.

೧೦೭೪ ಕಂಡಾಗ ನೋಡಬೇಕಾದ ಸ್ಥಳಗಳು ಕೆಲವು. ವಿಂಡೋಸಿನ ಸುಧಾರಣೆಗಳು ತಾವೇ ಪುನಃ ಚಾಲೂ ಮಾಡಿಸುವುದುಂಟು. ನಮ್ಮದಕ್ಕೆ ಆ ಸಂಬಂಧ ಕಡಿದು ವರ್ಷಗಳಾದವು. ಟಾಸ್ಕ್ ಶೆಡ್ಯೂಲರ್ ಎಂಬಲ್ಲಿ ಇಂತಿಷ್ಟು ಗಂಟೆಗೆ ಆರು ಎಂದು ಯಾರಾದರೂ ಬರೆದಿಟ್ಟಿರಬಹುದು, ನೋಡಿದೆವು, ಇರಲಿಲ್ಲ. ಯುಪಿಎಸ್ಸಿನ ಜೊತೆಗೆ ಬರುವ ಪ್ರೋಗ್ರ್ಯಾಮು ಬ್ಯಾಟರಿ ಇಳಿಯಿತೆಂದು ಆರಿಸಬಹುದು. ನಾವು ಅದನ್ನು ಹಾಕಿಯೇ ಇಲ್ಲ. ಮಗಳು ಕೆಳಗೆ ಆಡಲು ಹೋಗಿದ್ದಳು. ನಮ್ಮ ಮನೆಯವರು ಅಡಿಗೆಮನೆಯಲ್ಲಿದ್ದರು. ಉಳಿದದ್ದು ಎದುರಿನ ಗುಂಡಿ. ವಿಂಡೋಸ್ ೭ರಲ್ಲಿ ಅದನ್ನು ಒಮ್ಮೆ ಮೆಲ್ಲಗೆ ಒತ್ತಿದರೆ ಕ್ರಮವಾಗಿ ಎಲ್ಲವನ್ನೂ ಮುಚ್ಚಿ ಆರುವುದು ಮೂಲದ ಏರ್ಪಾಡು. ಬರೆದದ್ದೆಲ್ಲ ಉಳಿಸಿಯೇ ಇದ್ದುದರಿಂದ ಅದು ಏನನ್ನೂ ಕೇಳದೆ ಆರಿತ್ತು.

ಕಡತ ತೆರೆದು ಕೊನೆಯ ಸಾಲು ಓದಿದೆವು. ಗಾಡಿ ಬಿಡುವ ಮೊದಲು ತಂಗಿ ಕಿಟಕಿಯ ಸರಳು ಹಿಡಿದುಕೊಂಡು ಜೊತೆಗೆ ಓಡಿದಳು ಎಂದಿತ್ತು. ನಮಗೆ ಒಬ್ಬ ಅತ್ತೆಯವರಿದ್ದರು, ಸಣ್ಣವರಿದ್ದಾಗಲೇ ಹೋದರು ಎಂಬಷ್ಟು ಮಾತ್ರ ನಾವು ಬಲ್ಲೆವು. ಯಾವ ವರ್ಷ ಎಂದು ನಾವು ಕೇಳಿರಲಿಲ್ಲ.

"ಮಾವನವರು ಗೊತ್ತಿಲ್ಲದ ಒತ್ತಿರಬೇಕು. ಆ ಗುಂಡಿ ಕೆಲಸಾನೇ ತೆಗದುಬಿಡ್ರಿ," ಎಂದರು ನಮ್ಮ ಮನೆಯವರು. ತೆಗೆಯಬಹುದು. ಪವರ್ ಆಪ್ಷನ್ಸಿನ ಎಡಬದಿಯಲ್ಲಿ, ಪವರ್ ಬಟನ್ನು ಒತ್ತಿದರೆ ಏನಾಗಬೇಕೆಂದು ಆರಿಸುವ ಸಾಲು ಇದೆ. ಏನೂ ಮಾಡಬೇಡ, ಮಲಗು, ಹೈಬರ್ನೇಟಾಗು, ಆರು ಎಂಬ ನಾಲ್ಕು ಬಗೆ ಅಲ್ಲಿವೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಮೊದಲನ್ನೇ ಆರಿಸುವುದು ಒಳ್ಳೆಯದು. ನಾವೂ ಆ ಪುಟ ತೆರೆದು ಸ್ವಲ್ಪ ಹೊತ್ತು ನೋಡಿದೆವು. ಆ ಮೇಲೆ ಏನನ್ನೂ ಬದಲಿಸದೆ ಮುಚ್ಚಿದೆವು. ನೋಟುಬುಕ್ಕಿನಲ್ಲಿ ಆ ದಿನದ ಎದುರಿಗೆ ವೇಳೆಯನ್ನಷ್ಟೇ ಬರೆದು ಕಾರಣದ ಕಲಮನ್ನು ಖಾಲಿ ಬಿಟ್ಟೆವು.

ನಾಲ್ಕು ದಿನ ತಂದೆಯವರು ಕಂಪ್ಯೂಟರಿನ ಕಡೆ ಬರಲಿಲ್ಲ. ನಾವೂ ಕರೆಯಲಿಲ್ಲ. ಐದನೆಯ ರಾತ್ರಿ ಊಟವಾದ ಮೇಲೆ ತಾವಾಗಿಯೇ ಬಂದು ಕುರ್ಚಿ ಎಳೆದುಕೊಂಡು ಕುಳಿತು, "ಚಾಲೂ ಮಾಡು, ತಮ್ಮಾ," ಎಂದರು. ಸೊಲ್ಲಾಪುರದಲ್ಲಿ ದೊಡ್ಡ ಗಾಡಿಗೆ ಬದಲಿಸಿದಲ್ಲಿಂದ ಹೇಳಹತ್ತಿದರು. ಹತ್ತೊಂಬತ್ತನೆಯ ಪುಟದಲ್ಲಿ ಆ ಸಾಲಿನ ಕೆಳಗೆ ಅರ್ಧ ಪುಟ ಜಾಗ ಬಿಟ್ಟು ನಾವು ಮುಂದಿನ ಪುಟದಿಂದ ಬರೆಯುತ್ತ ಹೋದೆವು. ಇದನ್ನು ಬರೆಯುವ ಹೊತ್ತಿಗೆ ಅವರು ೧೯೮೬ಕ್ಕೆ ಬಂದಿದ್ದಾರೆ.